ಮನೇಲಿ ಮ್ಯಾಥ್ಸ್ ಟ್ಯೂಷನ್ ಇಡ್ಸೋ ಮುಂಚೆ, ಇಡ್ಸಿದ್ಮೇಲೆ: ಮೈಸೂರು ಕಡೆ ಅಪ್ಪ-ಅಮ್ಮಂದ್ರಿಗೆ ಒಂದು ಪೂರ್ತಿ ಗೈಡು

ಹತ್ತನೇ ಕ್ಲಾಸಿನ ಮಗುಗೆ ಮ್ಯಾಥ್ಸ್ ಬರ್ತಿಲ್ಲ ಅಂದ್ರೆ ಹತ್ತನೇ ಕ್ಲಾಸಿನ ಪಾಠನೇ ಇನ್ನೊಂದ್ಸಲ ನಿಧಾನಕ್ಕೆ ಹೇಳ್ಕೊಟ್ರೆ ಸಾಕು ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಕುವೆಂಪುನಗರ, ಬೋಗಾದಿ, ಶ್ರೀರಾಂಪುರ ಅಂತ ಮನೆ ಮನೆ ಸುತ್ತಿ ಟ್ಯೂಷನ್ ಮಾಡೋ ನನ್ನಂಥೋರಿಗೆ ಗೊತ್ತಿರೋದು ಏನಂದ್ರೆ, ದಾರ ಕಡಿದಿರೋದು ಹೆಚ್ಚು ಕಮ್ಮಿ ಯಾವಾಗ್ಲೂ ಐದು, ಆರು, ಏಳನೇ ಕ್ಲಾಸಲ್ಲಿ, ಅದನ್ನ ಅಲ್ಲೇ ಗಂಟು ಹಾಕ್ದೆ ಮೇಲಿಂದ ಮೇಲೆ ಪಾಠ ಸುರಿದ್ರೆ ಮಗುಗೂ ಸುಸ್ತು, ನಿಮ್ಮ ದುಡ್ಡೂ ದಂಡ. ಅದಕ್ಕೆ ಈ ಗೈಡಲ್ಲಿ ಮಿಸ್ ಹುಡ್ಕೋದು ಎರಡನೇ ಹಂತ, ಮೊದಲ್ನೇದು ನೀವೇ ಮನೇಲಿ ಮಾಡ್ಬೇಕಾದ ಕೆಲ್ಸ.

ಹಂತ 1: ಎಲ್ಲಿ ಕಡೀತು ಅಂತ ಹುಡ್ಕಿ

ಒಂದು ಭಾನುವಾರ ಬೆಳಿಗ್ಗೆ, ತಿಂಡಿ ಆದ್ಮೇಲೆ, ಒಂದು ಬಿಳಿ ಹಾಳೆ ಕೊಟ್ಟು ಕೂರ್ಸಿ. ಟೆಸ್ಟು ಅನ್ಬೇಡಿ, ಮಾರ್ಕ್ಸ್ ಹಾಕ್ಬೇಡಿ, ಟೈಮ್ ಇಡ್ಬೇಡಿ. ಈ ಲೆಕ್ಕಗಳನ್ನ ಬರ್ದು ಕೊಡಿ:

503 − 278
1.5 ದೊಡ್ಡದಾ 1.45 ದೊಡ್ಡದಾ
1/2 + 1/3
−3 − 5, ಆಮೇಲೆ 7 − (−2), ಆಮೇಲೆ (−3) × (−5)
350 ರೂಪಾಯಿಗೆ 20 ಪರ್ಸೆಂಟ್ ಎಷ್ಟು
2 ಎಕ್ಸ್ + 5 = 17 ಆದ್ರೆ ಎಕ್ಸ್ ಎಷ್ಟು

ಹತ್ತನೇ ಕ್ಲಾಸ್ ಮಗು ಆದ್ರೂ ಇದನ್ನೇ ಕೊಡಿ, ಮುಖ ಸಿಂಡರಿಸಿದ್ರೂ ಪರ್ವಾಗಿಲ್ಲ. ಉತ್ತರ ಸರಿಯಾ ತಪ್ಪಾ ಅನ್ನೋದಕ್ಕಿಂತ "ಹೆಂಗ್ ಮಾಡ್ದೆ, ಒಂಚೂರು ಹೇಳು" ಅಂತ ಕೇಳೋದು ಮುಖ್ಯ, ಸರಿ ಬಂದಿರೋದಕ್ಕೂ ಕೇಳಿ, ತಪ್ಪು ಬಂದಿರೋದಕ್ಕೆ ಮಾತ್ರ ಕೇಳಿದ್ರೆ ಮಗುಗೆ ಕೇಳ್ದಾಗ್ಲೇ ಗೊತ್ತಾಗೋಗುತ್ತೆ ತಪ್ಪಾಗಿದೆ ಅಂತ.

ಬರೋ ತಪ್ಪುಗಳಿಗೂ ಒಂದು ಲೆಕ್ಕಾಚಾರ ಇರುತ್ತೆ ನೋಡಿ. 1.45 ದೊಡ್ಡದು ಅಂದ್ರೆ ಮಗು ಚುಕ್ಕಿ ಆದ್ಮೇಲೆ ಇರೋದನ್ನ 45, 5 ಅಂತ ಬೇರೆ ನಂಬರ್ ಥರ ಓದ್ತಿದೆ ಅಂತ ಅರ್ಥ. 1/2 + 1/3 ಗೆ 2/5 ಅಂತ ಬರೆದ್ರೆ ಮೇಲಿಂದು ಮೇಲಕ್ಕೆ ಕೆಳಗಿಂದು ಕೆಳಕ್ಕೆ ಕೂಡ್ತಿದೆ. −3 − 5 ಗೆ 8 ಅಂದ್ರೆ "ಮೈನಸ್ ಮೈನಸ್ ಪ್ಲಸ್" ಅಂತ ಗುಣಾಕಾರಕ್ಕೆ ಹೇಳ್ಕೊಟ್ಟಿದ್ದನ್ನ ಎಲ್ಲಾ ಕಡೆ ಹಚ್ತಿದೆ. ಇವೆಲ್ಲ ದಡ್ಡತನ ಅಲ್ಲ, ಮಗು ತನ್ನದೇ ಒಂದು ರೂಲ್ ಮಾಡ್ಕೊಂಡಿದೆ, ಆ ರೂಲ್ ತಪ್ಪು ಅಷ್ಟೇ.

ಇದ್ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, ಸರಸ್ವತಿಪುರಂನಲ್ಲಿ ಒಬ್ಳು ಹತ್ತನೇ ಕ್ಲಾಸ್ ಹುಡ್ಗಿ, ವರ್ಗ ಸಮೀಕರಣ ಸುತಾರಾಂ ಬರಲ್ಲ ಅಂತ ಅವ್ರಮ್ಮ ಕರೆಸಿದ್ರು. ಎಕ್ಸ್ ಸ್ಕ್ವೇರ್ ಮೈನಸ್ 5 ಎಕ್ಸ್ ಪ್ಲಸ್ 6 ಈಸ್ ಈಕ್ವಲ್ ಟು 0 ಕೊಟ್ಟೆ. ಕೂಡಿದ್ರೆ −5 ಬರ್ಬೇಕು, ಗುಣಿಸಿದ್ರೆ 6 ಬರ್ಬೇಕು, ಅಂಥ ಎರಡು ನಂಬರ್ ಹುಡ್ಕ್ಬೇಕು ಅಂತ ಅವ್ಳೇ ಹೇಳಿದ್ಲು, ಪಾಠ ಪಕ್ಕಾ ಗೊತ್ತು. ಆದ್ರೆ ಬರ್ದಿದ್ದು −6 ಮತ್ತೆ 1. ಕೂಡಿದ್ರೆ −5 ಸರಿ, ಗುಣಿಸಿದ್ರೆ −6 ಅಲ್ವಾ, ಅದು ಅವ್ಳ ಕಣ್ಣಿಗೆ 6 ಆಗೇ ಕಾಣ್ತಿತ್ತು, ಮುಂದೆ ಇರೋ ಮೈನಸ್ಸು ಅವ್ಳಿಗೆ ಒಂದು ಗೀಟು ಅಷ್ಟೇ. −2, −3 ಅನ್ನೋದು ತಲೆಗೇ ಬರ್ಲಿಲ್ಲ. ಅವ್ಳಿಗೆ ವರ್ಗ ಸಮೀಕರಣದ ಟ್ಯೂಷನ್ ಬೇಕಾಗಿರ್ಲಿಲ್ಲ, ಏಳನೇ ಕ್ಲಾಸಿನ ಪೂರ್ಣಾಂಕ ಬೇಕಾಗಿತ್ತು. ಅದನ್ನ ಹಿಡಿದ ಮೇಲೆ ಹತ್ತನೇ ಕ್ಲಾಸಿನ ಪಾಠ ತಾನಾಗೇ ಸಲೀಸಾಯ್ತು.

ಹಾಳೆನ ಬಿಸಾಕ್ಬೇಡಿ, ಬರೋ ಮಿಸ್ಸಿಗೆ ಮೊದಲ್ನೇ ದಿನ ಕೊಡ್ಬೇಕಾಗಿರೋದು ಇದೇ, ರಿಪೋರ್ಟ್ ಕಾರ್ಡ್ ಅಲ್ಲ.

ಹಂತ 2: ಯಾರನ್ನ ಕರೀಬೇಕು

ಬಿಎಡ್ ಮಾಡ್ತಿರೋರು, ರಿಟೈರ್ಡ್ ಮೇಷ್ಟ್ರು, ಎಂಎಸ್ಸಿ ಹುಡ್ಗೀರು, ಇಂಜಿನಿಯರಿಂಗ್ ಹುಡುಗ್ರು, ಮೈಸೂರಲ್ಲಿ ಇದಕ್ಕೇನೂ ಬರ ಇಲ್ಲ. ಡಿಗ್ರಿ ನೋಡಿ ಮರುಳಾಗ್ಬೇಡಿ, ಆರನೇ ಕ್ಲಾಸ್ ಮಗುಗೆ ಭಿನ್ನರಾಶಿ ಹೇಳ್ಕೊಡೋಕೆ ಪಿಎಚ್‌ಡಿ ಬೇಡ, ತಾಳ್ಮೆ ಬೇಕು. ಮಗು ಓದೋ ಸ್ಕೂಲಿನ ಟೀಚರ್ರನ್ನೇ ಕರೆಸೋಣ ಅಂತ ಕೆಲವ್ರು ಪ್ಲ್ಯಾನ್ ಹಾಕ್ತಾರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡೋ ಹಾಗಿಲ್ಲ, ಅವ್ರನ್ನ ಇಕ್ಕಟ್ಟಿಗೆ ಸಿಕ್ಕಿಸ್ಬೇಡಿ.

ಒಂದು ಟ್ರಯಲ್ ಕ್ಲಾಸ್ ಕೇಳಿ, ನೀವು ಅಲ್ಲೇ ಹಾಲಲ್ಲಿ ಸೊಪ್ಪು ಬಿಡಿಸ್ತಾನೋ ಪೇಪರ್ ಓದ್ತಾನೋ ಕೂತ್ಕೊಂಡು ಒಂದೇ ಒಂದು ವಿಷ್ಯ ಗಮನಿಸಿ: ಪೆನ್ನು ಯಾರ ಕೈಲಿದೆ? ಗಂಟೆಪೂರ್ತಿ ಮಿಸ್ಸೇ ಬರೀತಾ ಇದ್ರೆ, ಮಗು "ಹ್ಞೂ ಹ್ಞೂ" ಅಂತ ತಲೆ ಆಡಿಸ್ತಾ ಇದ್ರೆ, ಬೇರೆಯವ್ರನ್ನ ನೋಡಿ. ಅಮ್ಮ ದೋಸೆ ಹುಯ್ಯೋದನ್ನ ಹತ್ತು ವರ್ಷ ನೋಡಿರೋ ಮಗು ಮೊದಲ್ನೇ ಸಲ ತಾನೇ ಹುಯ್ದಾಗ ಕಾವಲಿಗೆ ಅಂಟ್ಕೊಂಡೇ ಬರೋದು, ಲೆಕ್ಕಾನೂ ಅಷ್ಟೇ, ನೋಡಿದ್ರೆ ಅರ್ಥ ಆದಂಗಿರುತ್ತೆ, ಮಾಡೋಕೆ ಹೋದ್ರೆ ಕೈ ಓಡಲ್ಲ.

ಇನ್ನು ವ್ಯವಹಾರದ ಮಾತು. ಫೀಸು ತಿಂಗಳಿಗಾ ಕ್ಲಾಸಿಗಾ, ರಜೆ ಹಾಕಿದ್ರೆ ಏನು, ದಸರಾ ರಜೇಲಿ ಕ್ಲಾಸ್ ಇದ್ಯಾ, ಎಲ್ಲ ಮೊದ್ಲೇ ಬಾಯ್ಬಿಟ್ಟು ಮಾತಾಡ್ಕೊಳ್ಳಿ. ಹತ್ರದೋರೇ ಸಿಕ್ಕಿದ್ರೆ ಒಳ್ಳೇದು, ಹೆಬ್ಬಾಳದಿಂದ ಜೆಪಿ ನಗರಕ್ಕೆ ಸಂಜೆ ಆರು ಗಂಟೆಗೆ ಸ್ಕೂಟ್ರಲ್ಲಿ ಬರೋ ಹೊತ್ತಿಗೆ ಪಾಠ ಮಾಡೋ ಜೀವ ಅರ್ಧ ಆಗಿರುತ್ತೆ. ಕ್ಲಾಸು ಹಾಲಲ್ಲೇ ನಡೀಲಿ, ರೂಮ್ ಬಾಗ್ಲು ಹಾಕ್ಕೊಂಡು ಬೇಡ, ಯಾರೇ ಬರ್ಲಿ ಈ ರೂಲ್ ಇರ್ಲಿ, ಒಳ್ಳೇ ಮಿಸ್ಸು ಮೇಷ್ಟ್ರು ಯಾರೂ ಇದಕ್ಕೆ ಬೇಜಾರ್ ಮಾಡ್ಕೊಳ್ಳಲ್ಲ. ಮತ್ತೆ ಸ್ಕೂಲಿಂದ ಬಂದ ತಕ್ಷಣ ಕೂರ್ಸ್ಬೇಡಿ, ಮಗು ಒಂದು ಗಂಟೆ ಆಡ್ಕೊಳ್ಲಿ, ಏನಾದ್ರೂ ತಿನ್ಲಿ.

ಹಂತ 3: ಮೊದಲ್ನೇ ತಿಂಗಳು ಹಿಂದಕ್ಕೆ ಹೋಗಿ

ಇಲ್ಲೇ ಅಪ್ಪ-ಅಮ್ಮಂದ್ರ ತಾಳ್ಮೆ ಕೈ ಕೊಡೋದು. "ಮಿಸ್, ಎಂಟನೇ ಕ್ಲಾಸ್ ಹುಡುಗನಿಗೆ ಐದನೇ ಕ್ಲಾಸಿಂದು ಹೇಳ್ಕೊಡ್ತಿದೀರಾ?" ಹೌದು, ಅದನ್ನೇ ಹೇಳ್ಕೊಡ್ಬೇಕು. ಅರ್ಧ ಗಂಟೆ ಹಳೇದು, ಅರ್ಧ ಗಂಟೆ ಸ್ಕೂಲಲ್ಲಿ ನಡೀತಿರೋದು, ಹಿಂಗೆ ಹಂಚ್ಕೊಂಡ್ರೆ ಸ್ಕೂಲಲ್ಲಿ ಪೂರಾ ಹಿಂದೆ ಬೀಳೋ ಭಯ ಇರಲ್ಲ.

ಹಳೇದನ್ನ ಹೇಳೋವಾಗ ಪುಸ್ತಕದಲ್ಲಿರೋ ಪಿಜ್ಜಾ ಪೀಸು ಬಿಟ್ಟು ಮಗುಗೆ ಗೊತ್ತಿರೋದ್ರಿಂದ ಶುರು ಮಾಡಿ. 1/2 + 1/3 ಗೆ 2/5 ಅಂದ ಹುಡುಗನಿಗೆ ಗಡಿಯಾರ ತೋರ್ಸಿ. ಅರ್ಧ ಗಂಟೆ ಅಂದ್ರೆ 30 ನಿಮಿಷ, ಮೂರನೇ ಒಂದು ಗಂಟೆ ಅಂದ್ರೆ 20 ನಿಮಿಷ, ಒಟ್ಟು 50. ಈಗ ಅವ್ನ ಉತ್ತರ ತಗೊಳ್ಳಿ, 2/5 ಗಂಟೆ ಅಂದ್ರೆ 24 ನಿಮಿಷ. "ಅಲ್ಲಪ್ಪ, 30 ನಿಮಿಷಕ್ಕೆ ಇನ್ನೂ ಸೇರಿಸಿದ್ರೆ 24 ಹೆಂಗಾಗುತ್ತೆ?" ಅಂತ ಕೇಳಿ ಸುಮ್ನಿರಿ. ಆ ಸುಮ್ನಿರೋದೇ ಕಷ್ಟ, ಆದ್ರೂ ಸುಮ್ನಿರಿ. ತಪ್ಪು ತಪ್ಪು ಅಂತ ನೀವು ಎಷ್ಟು ಹೇಳಿದ್ರೂ ನಂಬ್ದೇ ಇದ್ದ ಹುಡುಗ ತಾನೇ "ಓ, ಕಮ್ಮಿ ಆಗ್ಬಿಡ್ತಲ್ವಾ" ಅಂತಾನೆ. ಆಮೇಲೆ 60ರಲ್ಲಿ 50 ಅಂದ್ರೆ 5/6, ಅಲ್ಲಿಂದ ಛೇದ ಸಮ ಮಾಡೋದು, ಲಸಾಅ (ಎಲ್‌ಸಿಎಂ), ಎಲ್ಲಾ ಒಂದೊಂದಾಗಿ.

ಮಂಡ್ಯ ಕಡೆ ಮಕ್ಕಳಿಗಂತೂ ಭಿನ್ನರಾಶಿ ಮನೆ ಜಗುಲಿ ಮೇಲೇ ಇದೆ. ಒಂದು ಎಕರೆಗೆ 40 ಗುಂಟೆ. ಕಾಲು ಎಕರೆ ಕಬ್ಬು, ಐದರಲ್ಲಿ ಎರಡು ಪಾಲು ಎಕರೆ ಭತ್ತ, ಒಟ್ಟು ಎಷ್ಟು? 10 ಗುಂಟೆ, 16 ಗುಂಟೆ, 26 ಗುಂಟೆ, ಅಂದ್ರೆ 26/40, ಚಿಕ್ಕದು ಮಾಡಿದ್ರೆ 13/20. ಗುಂಟೆ ಅಂದ್ರೆ 33 ಅಡಿಗೆ 33 ಅಡಿ, 1089 ಚದರಡಿ, ಹಂಗಾದ್ರೆ ಮೈಸೂರಿನ 30-40 ಸೈಟು ಒಂದು ಗುಂಟೆಗಿಂತ ದೊಡ್ಡದಾ ಚಿಕ್ಕದಾ ಅಂತ ಕೇಳಿ ನೋಡಿ, ಮಗು ಗುಣಾಕಾರ ಮಾಡೋಕೆ ಮುಂಚೆ ತಾತನೇ ಉತ್ತರ ಹೇಳ್ಬಿಡೋ ಸಾಧ್ಯತೆ ಇದೆ, ಅವ್ರನ್ನ ಸ್ವಲ್ಪ ಸುಮ್ನಿರ್ಸಿ. 1200 ಚದರಡಿ, ಸೈಟೇ ದೊಡ್ಡದು.

ದಶಮಾಂಶಕ್ಕೆ, ಮೈನಸ್ಸಿಗೆ ಕೆಆರ್‌ಎಸ್ ಇದೆ. ಮಳೆಗಾಲದಲ್ಲಿ ದಿನಾ ಪೇಪರಲ್ಲಿ ನೀರಿನ ಮಟ್ಟ ಹಾಕ್ತಾರೆ, ಡ್ಯಾಮ್ ಪೂರ್ತಿ ತುಂಬಿದ್ರೆ 124.80 ಅಡಿ. ಇವತ್ತು 118.35 ಇದೆ ಅಂದ್ಕೊಳ್ಳಿ, ತುಂಬೋಕೆ ಇನ್ನೆಷ್ಟು ಬೇಕು? 6.45. 124.8 ಅಂತ ಬರೆದ್ರೂ 124.80 ಅಂತ ಬರೆದ್ರೂ ಒಂದೇನಾ? ಇದರ ಮೇಲೆ ಒಂದು ಕ್ಲಾಸ್ ಪೂರ್ತಿ ಮಾತಾಡ್ಬೋದು. ಬೇಸಿಗೇಲಿ ಒಂದು ವಾರ 3 ಅಡಿ ಇಳೀತು, ಮುಂದಿನ ವಾರ 5 ಅಡಿ ಇಳೀತು, ಒಟ್ಟು 8 ಅಡಿ ಇಳೀತು, ಅದೇ −3 − 5 = −8. ನೀರು ಎರಡು ವಾರ ಇಳಿದ್ರೆ ಡ್ಯಾಮ್ ತುಂಬಲ್ಲ ಅಂತ ಮಂಡ್ಯದ ಮಗುಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ.

ಮಗ್ಗಿ ವಿಷ್ಯ ಚಿಕ್ಕದಾಗಿ: ಬಾಯಿಪಾಠ ಬೇಕು, ಹಳೇ ಕಾಲದ ಪದ್ಧತಿ ಅಂತ ಬೈಬೇಡಿ. ಆದ್ರೆ ಏಳೆಂಟ್ಲಿ ಎಷ್ಟು ಅಂದ್ರೆ ಏಳೊಂದ್ಲಿಂದ ಹಾಡ್ಕೊಂಡು ಬರೋ ಮಗುಗೆ ಮಗ್ಗಿ ಬಂದಿಲ್ಲ, ರಾಗ ಬಂದಿದೆ. ಹಿಂದೆ ಮುಂದೆ ಕೇಳಿ. ಸಿಗ್ಲಿಲ್ಲ ಅಂದ್ರೆ ದಾರಿ ತೋರ್ಸಿ, ಏಳ್ನಾಕ್ಲಿ 28, ಅದ್ರ ಡಬಲ್ 56.

ಹಂತ 4: ಒಂದು ಗಂಟೆ ಹೆಂಗೆ ನಡೀಬೇಕು

ವಾರಕ್ಕೆ ಮೂರು ದಿನ ಒಂದೊಂದು ಗಂಟೆ, ಭಾನುವಾರ ಒಟ್ಟಿಗೆ ಮೂರು ಗಂಟೆಗಿಂತ ಎಷ್ಟೋ ವಾಸಿ, ಬಿಟ್ಟು ಬಿಟ್ಟು ಓದಿದ್ದು ತಲೇಲಿ ನಿಲ್ಲುತ್ತೆ ಅಂತ 1885ರಲ್ಲೇ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನಿಯವ್ನು ತನ್ನ ಮೇಲೇ ಪ್ರಯೋಗ ಮಾಡ್ಕೊಂಡು ಬರ್ದಿದ್ದ. ಐದು, ಆರನೇ ಕ್ಲಾಸಿಗೆ ಮುಕ್ಕಾಲು ಗಂಟೆ ಸಾಕು.

ಮೊದಲ ಹತ್ತು ನಿಮಿಷ ಹೋದ ವಾರದ ಮೂರು ನಾಕು ಲೆಕ್ಕ, ನೋಟ್ಸ್ ನೋಡ್ದೆ. ಆಮೇಲೆ ಇಪ್ಪತ್ತು ನಿಮಿಷ ಹೊಸ ವಿಷ್ಯ, ಒಂದೇ ಒಂದು. ಆಮೇಲೆ ಇಪ್ಪತ್ತು ನಿಮಿಷ ಮಗು ತಾನೇ ಮಾಡ್ಬೇಕು, ಮಿಸ್ಸು ಬಾಯಿ ಮುಚ್ಕೊಂಡು ಕೂರ್ಬೇಕು, ಫೋನೂ ನೋಡೋ ಹಾಗಿಲ್ಲ. ಉಳಿದ ಹತ್ತು ನಿಮಿಷ ತಪ್ಪಿನ ಬುಕ್ಕಿಗೆ, ಅದನ್ನ ಮುಂದೆ ಹೇಳ್ತೀನಿ.

ಮಗು ಸಿಕ್ಕಾಕ್ಕೊಂಡಾಗ ಮೊದಲ್ನೇ ಲೈನ್ ಬರ್ಕೊಡೋದು ಎಲ್ಲರ ಕೈ ಚಟ, ಅದನ್ನ ಬಿಡ್ಬೇಕು. ಬದ್ಲು ಹಿಂಗೆ ಒಂದೊಂದೇ ಮೆಟ್ಲು ಇಳೀರಿ: ಪ್ರಶ್ನೆ ಇನ್ನೊಂದ್ಸಲ ಓದು. ಏನು ಕೊಟ್ಟಿದಾರೆ? ಏನು ಕೇಳ್ತಿದಾರೆ? ಚಿತ್ರ ಬರೀ. ಇದ್ರ ಥರದ್ದು ಹಿಂದೆ ಮಾಡಿದ್ವಲ್ಲ, ಯಾವ್ದು? ಇಷ್ಟಾದ್ರೂ ಆಗ್ಲಿಲ್ಲ ಅಂದ್ರೆ ಇದಕ್ಕಿಂತ ಸಣ್ಣ ಲೆಕ್ಕ ಕೊಡಿ, ಈ ಲೆಕ್ಕ ಆಮೇಲೆ.

ಮಾತಿನ ಲೆಕ್ಕಗಳಲ್ಲಿ ಇಂಗ್ಲಿಷ್ ಮೀಡಿಯಂ ಮಕ್ಕಳು ಸೋಲೋದು ಎಷ್ಟೋ ಸಲ ಗಣಿತದಲ್ಲಿ ಅಲ್ಲ, ವಾಕ್ಯ ಅರ್ಥ ಆಗ್ದೇ. ಮೊದ್ಲು ಲೆಕ್ಕನ ಕತೆ ಥರ ಕನ್ನಡದಲ್ಲಿ ಹೇಳು ಅನ್ನಿ, ಆಮೇಲೆ ಪೆನ್ನು ಹಿಡೀಲಿ. 150 ಮೀಟರ್ ಉದ್ದದ ಟ್ರೈನು ಗಂಟೆಗೆ 54 ಕಿಲೋಮೀಟರ್ ಸ್ಪೀಡಲ್ಲಿ 300 ಮೀಟರ್ ಪ್ಲಾಟ್‌ಫಾರ್ಮ್ ದಾಟೋಕೆ ಎಷ್ಟು ಹೊತ್ತು ಅನ್ನೋ ಲೆಕ್ಕ ತಗೊಳ್ಳಿ. 54 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 15 ಮೀಟರ್ ಅನ್ನೋವರೆಗೂ ಬರ್ತಾರೆ, ಆಮೇಲೆ 300ನ 15ರಿಂದ ಭಾಗಿಸಿ 20 ಸೆಕೆಂಡ್ ಅಂತ ಗೀಟು ಎಳೀತಾರೆ. ಆಗ ಮೇಜಿನ ಮೇಲೆ ಸ್ಕೇಲಿಡಿ, ಅದು ಮಂಡ್ಯ ಸ್ಟೇಷನ್ನು, ರಬ್ಬರ್ ಒಂದು ಟ್ರೈನು. ಮಗು ಕೈಲೇ ತಳ್ಳಿಸಿ. ಇಂಜಿನ್ ಪ್ಲಾಟ್‌ಫಾರ್ಮ್ ಕೊನೆ ಮುಟ್ಟಿದಾಗ ನಿಲ್ಸು ಅನ್ನಿ, ಎಲ್ಲಾ ಬೋಗಿನೂ ದಾಟಿದ್ವಾ ಕೇಳಿ. ಕೊನೇ ಬೋಗಿ ಇನ್ನೂ ಸ್ಕೇಲ್ ಮೇಲೇ ಇರುತ್ತಲ್ಲ, ಅಲ್ಲಿಗೆ 450 ಮೀಟರ್, 30 ಸೆಕೆಂಡ್ ಅಂತ ಮಗುನೇ ಹೇಳುತ್ತೆ, ಆಮೇಲೆ ಈ ತಪ್ಪು ಅದು ಮಾಡೋದು ಅಪರೂಪ.

ಹಂತ 5: ತಪ್ಪಿನ ಬುಕ್ಕು

ನೂರು ಪುಟದ ಒಂದು ನೋಟ್ ಬುಕ್ಕು. ಎಡಗಡೆ ಪುಟದಲ್ಲಿ ತಪ್ಪಾದ ಲೆಕ್ಕ ಹಂಗೇ, ಅಳಿಸ್ದೆ. ಬಲಗಡೆ ಸರಿ ಮಾಡಿದ್ದು, ಕೆಳಗೆ ಒಂದು ಸಾಲು, ಯಾಕೆ ತಪ್ಪಾಯ್ತು ಅಂತ, ಮಗುದೇ ಮಾತಲ್ಲಿ. "6ನ 0 ಅಂತ ಕಾಪಿ ಮಾಡ್ದೆ", "ಟ್ರೈನ್ ಉದ್ದ ಮರ್ತೆ", "ಬ್ರಾಕೆಟ್ ಹೊರಗಿನ ಮೈನಸ್ ಒಳಗೆ ಎರಡನೇದಕ್ಕೆ ಕೊಡ್ಲಿಲ್ಲ". ಒಂದೆರಡು ತಿಂಗಳು ತುಂಬಿಸಿದ್ರೆ ಗೊತ್ತಾಗುತ್ತೆ, ತಪ್ಪುಗಳು ನೂರಾರು ಅಲ್ಲ, ನಾಕೈದೇ ತಪ್ಪು ಬೇರೆ ಬೇರೆ ಪಾಠದಲ್ಲಿ ವೇಷ ಹಾಕ್ಕೊಂಡು ಬರ್ತಿರುತ್ತೆ. ನಂಗೆ ಮ್ಯಾಥ್ಸೇ ಬರಲ್ಲ ಅಂತಿದ್ದ ಮಗು ನಂಗೆ ಬ್ರಾಕೆಟ್ ಮೈನಸ್ ಒಂದು ಕೈ ಕೊಡುತ್ತೆ ಅನ್ನೋಕೆ ಶುರು ಮಾಡುತ್ತಲ್ಲ, ನನ್ನ ಪ್ರಕಾರ ಕಾನ್ಫಿಡೆನ್ಸ್ ಹುಟ್ಟೋದು ಅಲ್ಲಿ, ವೆರಿ ಗುಡ್ ವೆರಿ ಗುಡ್ ಅಂದಾಗ ಅಲ್ಲ.

1984ರಲ್ಲಿ ಬೆಂಜಮಿನ್ ಬ್ಲೂಮ್ ಅನ್ನೋ ಅಮೆರಿಕದ ಶಿಕ್ಷಣ ತಜ್ಞರು ಒಬ್ಬೊಬ್ರಿಗೇ ಕೂರಿಸಿ ಕಲಿಸಿದ್ರೆ ಸಾಧಾರಣ ಮಗು ಕೂಡ ಮಾಮೂಲಿ ಕ್ಲಾಸಿನ 98 ಪರ್ಸೆಂಟ್ ಮಕ್ಕಳಿಗಿಂತ ಮುಂದೆ ಹೋಗುತ್ತೆ ಅಂತ ಬರೆದ್ರು. ಆಮೇಲಿನ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಲಾಭ ಕಾಣ್ಲಿಲ್ಲ, ಲಾಭ ಇದೆ ಅನ್ನೋದು ಮಾತ್ರ ನಿಂತ್ಕೊಂಡಿದೆ. ಅವ್ರ ಪದ್ಧತೀಲಿ ತಪ್ಪನ್ನ ಆಗಿಂದಾಗ್ಲೇ ತಿದ್ದೋದು, ಒಂದು ಪಾಠ ಗಟ್ಟಿಯಾಗೋವರೆಗೂ ಮುಂದಕ್ಕೆ ಹೋಗ್ದೇ ಇರೋದು, ಇವೆರಡೂ ಇತ್ತು. ಮನೆಗೆ ಮಿಸ್ ಕರೆಸಿ ಸ್ಕೂಲ್ ಹೋಮ್‌ವರ್ಕ್ ಮಾತ್ರ ಮುಗಿಸಿ ಕಳಿಸಿದ್ರೆ ಈ ಎರಡೂ ನಡೆಯಲ್ಲ, ಆ ಲಾಭಾನೂ ಬರಲ್ಲ.

ಹಂತ 6: ಮನೆಯವ್ರು ಏನ್ ಮಾಡ್ಬೇಕು, ಏನ್ ಮಾಡ್ಬಾರ್ದು

ಮಾಡ್ಬಾರ್ದೇ ಜಾಸ್ತಿ. "ನಿಮ್ ದೊಡ್ಡಪ್ಪನ ಮಗ ನೋಡು 98 ತೆಗ್ದ" ಬೇಡ. "ನಂಗೂ ಲೆಕ್ಕ ಬರ್ತಿರ್ಲಿಲ್ಲ ಬಿಡು, ನಮ್ ವಂಶಕ್ಕೇ ಇಲ್ಲ" ಅನ್ನೋದು ಸಮಾಧಾನ ಅಂದ್ಕೊಂಡಿರ್ತೀರಾ, ಮಗು ಅದನ್ನ ಪರ್ಮಿಷನ್ ಅಂತ ತಗೊಳ್ಳುತ್ತೆ. ಕ್ಲಾಸ್ ಮಧ್ಯೆ ಬಂದು "ಅದಕ್ಕೆ ಶಾರ್ಟ್‌ಕಟ್ ಇದೆ ಮಿಸ್" ಅನ್ನೋ ಇಂಜಿನಿಯರ್ ಅಪ್ಪಂದ್ರು ದಯವಿಟ್ಟು ಕಾಫಿ ತಗೊಂಡು ಒಳಗೆ ಹೋಗಿ.

ಮಾಡ್ಬೇಕಾಗಿರೋದು: ವಾರಕ್ಕೊಂದ್ಸಲ ಮಗು ನಿಮಗೆ ಒಂದು ಲೆಕ್ಕ ಹೇಳ್ಕೊಡ್ಲಿ. ನಿಮಗೆ ಬರುತ್ತೋ ಬಿಡುತ್ತೋ, ಅಜ್ಜಿ ಆದ್ರೂ ಸರಿ, ಕೂತು ಕೇಳಿ, "ಅದು ಯಾಕೆ ಹಂಗೆ?" ಅಂತ ನಿಜವಾಗ್ಲೂ ಕೇಳಿ. ಮತ್ತೆ ಪ್ರತಿ ವಾರ ಸ್ಕೂಲಲ್ಲಿ ಒಂದು ಡೌಟ್ ಕೇಳ್ಕೊಂಡು ಬಾ ಅಂತ ಕಳ್ಸಿ, ಟ್ಯೂಷನ್ನಲ್ಲೇ ಆ ಪ್ರಶ್ನೆ ರೆಡಿ ಮಾಡ್ಕೊಂಡು ಹೋಗ್ಲಿ. ಮನೇಲಿ ಒಬ್ಬರ ಮುಂದೆ ಬಾಯಿ ಬಿಡೋ ಮಗು ಕ್ಲಾಸಲ್ಲಿ ಐವತ್ತು ಜನರ ಮುಂದೆ ಕೈ ಎತ್ತೋವರೆಗೂ ಕೆಲ್ಸ ಅರ್ಧವೇ ಆಗಿರೋದು.

ಇಷ್ಟೆಲ್ಲ ಮಾಡಿ, ನಾಕೈದು ತಿಂಗಳಾದ್ರೂ ನಂಬರ್ ತಿರುಗುಮುರುಗು ಬರೀತಾನೇ ಇದ್ರೆ, ಬೆರಳು ಬಿಟ್ಟು ಎಣಿಸೋಕೆ ಆಗ್ತಾನೇ ಇಲ್ಲ ಅಂದ್ರೆ, ಸೋಮಾರಿ ಅಂತ ಬೈಯೋದನ್ನ ನಿಲ್ಸಿ ಒಂದ್ಸಲ ತೋರ್ಸಿ. ಮಾನಸಗಂಗೋತ್ರೀಲಿರೋ ನಮ್ಮ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೇಲಿ (ಆಯಿಷ್) ಕಲಿಕಾ ತೊಂದರೆಗೂ ಪರೀಕ್ಷೆ ಮಾಡ್ತಾರೆ. ಸರ್ಟಿಫಿಕೇಟ್ ಇದ್ರೆ ಎಸ್‌ಎಸ್‌ಎಲ್‌ಸಿ ಬೋರ್ಡಿಂದ ರಿಯಾಯಿತಿಗಳೂ ಇವೆ, ಮುಚ್ಚಿಟ್ಕೊಳ್ಳೋ ವಿಷ್ಯ ಅಲ್ಲ ಇದು.

ಹಂತ 7: ಎಸ್‌ಎಸ್‌ಎಲ್‌ಸಿ ವರ್ಷ

ಪೇಪರ್ 80 ಮಾರ್ಕ್ಸ್‌ದು, ಇಂಟರ್ನಲ್ 20. ಸ್ಟೆಪ್ಪಿಗೆ ಮಾರ್ಕ್ಸ್ ಇರುತ್ತೆ, ಉತ್ತರ ಬರ್ಲಿಲ್ಲ ಅಂತ ಲೆಕ್ಕ ಹೊಡೆದಾಕಿ ಬರೋ ಮಕ್ಕಳು ಸುಮ್ನೆ ಕಳ್ಕೊಳ್ತಾರೆ, ಸೂತ್ರ ಬರ್ದು, ಬೆಲೆ ಹಾಕಿ, ಹೋಗೋವಷ್ಟು ದೂರ ಹೋಗ್ಲಿ. ಡಿಸೆಂಬರ್ ಹೊತ್ತಿಗೆ ಹೊಸ ಪಾಠ ಹಿಡಿಸೋದು ನಿಲ್ಸಿ ಬೋರ್ಡ್ ವೆಬ್‌ಸೈಟಲ್ಲಿರೋ ಮಾದರಿ ಪ್ರಶ್ನೆಪತ್ರಿಕೆ ತಗೊಂಡು ಮೂರು ಗಂಟೆ ಕೂರ್ಸಿ ಬರೆಸಿ, ಮಿಸ್ಸು ಇರ್ಬಾರ್ದು, ಗಡಿಯಾರ ಮಾತ್ರ. ಗ್ರಾಫು, ಥೇಲ್ಸನ ಪ್ರಮೇಯ, ಬಾಹ್ಯ ಬಿಂದುವಿನಿಂದ ಎಳೆದ ಸ್ಪರ್ಶಕಗಳು ಸಮ ಅನ್ನೋ ಪ್ರಮೇಯ, ಸರಾಸರಿ, ಇವು ಹಿಂದೆ ಬಿದ್ದಿರೋ ಮಗುಗೂ ಕೈಗೆ ಸಿಗೋ ಮಾರ್ಕ್ಸು, ಮೊದ್ಲು ಇವನ್ನ ಗಟ್ಟಿ ಮಾಡ್ಸಿ, ತ್ರಿಕೋನಮಿತಿಯ ಎತ್ತರ-ದೂರ ಆಮೇಲೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇರುತ್ತೆ, ಮೊದಲ್ನೇದ್ರಲ್ಲಿ ಎಡವಿದ್ರೂ ಆಕಾಶ ಬೀಳಲ್ಲ ಅಂತ ಮಗುಗೆ ಗೊತ್ತಿರ್ಲಿ, ಆದ್ರೆ ಜನವರೀಲೇ ಅದನ್ನ ಹೇಳ್ಕೊಂಡು ಕೂರ್ಬೇಡಿ.

ಹಂತ 8: ನಿಲ್ಲಿಸೋದು

ಇದನ್ನ ಟ್ಯೂಷನ್ ಮಾಡೋರು ಹೇಳಲ್ಲ, ಹೇಳಿದ್ರೆ ನಮ್ಮ ಹೊಟ್ಟೆಪಾಡಿಗೇ ಏಟು, ಆದ್ರೂ ಹೇಳ್ತೀನಿ. ಸಹಾಯ ಮಾಡೋಕೆ ಹೋದಾಗ "ತಾಳಿ ಮಿಸ್, ನಾನೇ ನೋಡ್ತೀನಿ" ಅಂತ ಪುಸ್ತಕ ತನ್ನ ಕಡೆ ಎಳ್ಕೊಳ್ಳೋಕೆ ಶುರು ಮಾಡಿದ್ರೆ ಮೂರು ದಿನನ ಎರಡು ಮಾಡಿ, ಎರಡು ತಿಂಗಳು ಬಿಟ್ಟು ಒಂದು ಮಾಡಿ, ಆಮೇಲೆ ಸ್ಕೂಲಿನ ಎಫ್‌ಎ, ಎಸ್‌ಎ ಪರೀಕ್ಷೆ ಹತ್ರ ಬಂದಾಗ ಮಾತ್ರ ಕರೆಸಿ. ಒಂದೇ ಏಟಿಗೆ ನಿಲ್ಲಿಸ್ಬೇಡಿ, ಮೊದಲ್ನೇ ಕಷ್ಟದ ಪಾಠಕ್ಕೇ ಮಗು ಗಾಬರಿ ಬೀಳುತ್ತೆ. ಏಪ್ರಿಲ್ ರಜೇಲಿ ದಿನಕ್ಕೆ ಇಪ್ಪತ್ತು ನಿಮಿಷ ತಪ್ಪಿನ ಬುಕ್ಕಿನ ಎಡಗಡೆ ಪುಟ ಮಾತ್ರ ತೆಗೆದು, ಬಲಗಡೆ ಮುಚ್ಕೊಂಡು ಮತ್ತೆ ಮಾಡ್ಲಿ. ಮತ್ತೆ ಮಿಸ್ಸಿಗೆ ನಿಲ್ಲಿಸೋ ವಿಷ್ಯ ಒಂದು ತಿಂಗಳು ಮುಂಚೆ ಹೇಳಿ, ಬಾಕಿ ಫೀಸು ಕೊಟ್ಟು ಕಳ್ಸಿ, ಮುಂದಿನ ತಿಂಗಳು ಕೊಡ್ತೀವಿ ಅಂದೋರ ಲಿಸ್ಟ್ ನನ್ನ ಹತ್ರಾನೇ ಉದ್ದ ಇದೆ.